ಆಕಾಶ ತಣ್ಣಗಿದ್ದರೂ ವಿದ್ಯುತ್ ವಿಮಾನದ ಬ್ಯಾಟರಿ ಕಾಯುವುದೇಕೆ?

ಪ್ರಶ್ನೆ: ಮೇಲೇರಿದಷ್ಟೂ ಹೊರಗಿನ ಗಾಳಿ ತಣ್ಣಗಾಗುತ್ತದೆ. ಹಾಗಿದ್ದರೂ ವಿದ್ಯುತ್ ವಿಮಾನಗಳಲ್ಲಿ ಬ್ಯಾಟರಿಯ ಶಾಖವೇ ದೊಡ್ಡ ತೊಡಕು ಎಂದು ಓದಿದೆ. ಹೊರಗಿನ ಗಾಳಿಯನ್ನೇ ಒಳಗೆ ಹಾಯಿಸಿ ಬ್ಯಾಟರಿಯನ್ನು ತಣಿಸಬಾರದೇ?

ಉತ್ತರ: ಗಾಳಿ ತಣ್ಣಗಿರುವುದು ಮೇಲೆ, ಬ್ಯಾಟರಿ ಹೆಚ್ಚು ಕಾಯುವುದು ಕೆಳಗೆ. ನಿಮ್ಮ ಪ್ರಶ್ನೆಯ ಉತ್ತರದ ಬಹುಪಾಲು ಇಷ್ಟರಲ್ಲೇ ಇದೆ. ಬ್ಯಾಟರಿಯೊಳಗೆ ಹುಟ್ಟುವ ಶಾಖ ಮುಖ್ಯವಾಗಿ ವಿದ್ಯುತ್ ಪ್ರವಾಹದ ವರ್ಗವನ್ನು ಅನುಸರಿಸುತ್ತದೆ. ಪ್ರವಾಹ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟಾಗುತ್ತದೆ. ಪ್ರವಾಹ ನಾಲ್ಕು ಪಟ್ಟಾದರೆ ಶಾಖ ಹದಿನಾರು ಪಟ್ಟು. ಹೆಲಿಕಾಪ್ಟರಿನಂತೆ ನೇರವಾಗಿ ಮೇಲೆದ್ದು, ಬಳಿಕ ರೆಕ್ಕೆಯ ಬಲದಿಂದ ಹಾರುವ ವಿದ್ಯುತ್ ವಿಮಾನಗಳಲ್ಲಿ ಈ ವರ್ಗದ ಲೆಕ್ಕ ಎಷ್ಟು ನಿಷ್ಠುರವಾದುದು ಎಂಬುದನ್ನು ಒಂದು ಊಹೆಯ ವಿಮಾನವನ್ನಿಟ್ಟುಕೊಂಡು ನೋಡೋಣ.

ಅದರ ಬ್ಯಾಟರಿ 500 ಕಿಲೋಗ್ರಾಂ ತೂಗುತ್ತದೆ, ಗಾಳಿಯಲ್ಲಿ ನಿಂತಲ್ಲೇ ತೇಲಲು 600 ಕಿಲೋವ್ಯಾಟ್ ಬೇಕು, ಸಮಮಟ್ಟದಲ್ಲಿ ಹಾರಲು 150 ಕಿಲೋವ್ಯಾಟ್ ಸಾಕು ಎಂದುಕೊಳ್ಳಿ. ತೇಲುವಾಗ ಶೇಕಡ 5ರಷ್ಟು ಶಕ್ತಿ ಬ್ಯಾಟರಿಯೊಳಗೇ ಶಾಖವಾದರೆ ಅದು 30 ಕಿಲೋವ್ಯಾಟ್. ಸಮಮಟ್ಟದ ಹಾರಾಟದಲ್ಲಿ ಪ್ರವಾಹ ಕಾಲು ಭಾಗಕ್ಕೆ ಇಳಿಯುವುದರಿಂದ ಶಾಖ ಹೆಚ್ಚುಕಡಿಮೆ 2 ಕಿಲೋವ್ಯಾಟ್‌ಗೆ ಇಳಿಯುತ್ತದೆ. ಅಂದರೆ ಒಂದು ನಿಮಿಷ ತೇಲಿದರೆ ಹುಟ್ಟುವ ಶಾಖವೂ ಹದಿನೈದು ನಿಮಿಷ ಹಾರಿದರೆ ಹುಟ್ಟುವ ಶಾಖವೂ ಒಂದೇ. ಒಂದು ಕಿಲೋಗ್ರಾಂ ಬ್ಯಾಟರಿಯ ತಾಪವನ್ನು ಒಂದು ಡಿಗ್ರಿ ಏರಿಸಲು ಸುಮಾರು 1 ಕಿಲೋಜೂಲ್ ಬೇಕಾಗುತ್ತದೆ. ಹಾಗಾಗಿ ಏನೂ ತಣಿಸದೆ ಬಿಟ್ಟರೆ ಏರುವಾಗಿನ ಒಂದು ನಿಮಿಷಕ್ಕೆ ಮೂರೂವರೆ ಡಿಗ್ರಿ, ಹದಿನೈದು ನಿಮಿಷದ ಹಾರಾಟಕ್ಕೆ ಮೂರೂವರೆ ಡಿಗ್ರಿ, ಇಳಿಯುವಾಗಿನ ಒಂದು ನಿಮಿಷಕ್ಕೆ ಮತ್ತೆ ಅಷ್ಟು ಅಥವಾ ಅದಕ್ಕಿಂತ ತುಸು ಹೆಚ್ಚು, ಹೀಗೆ ಒಟ್ಟು ಹನ್ನೊಂದು ಡಿಗ್ರಿಯಷ್ಟು ಏರುತ್ತದೆ. ಇಳಿಯುವಾಗ ಹೆಚ್ಚು ಏಕೆಂದರೆ, ಬ್ಯಾಟರಿ ಬರಿದಾಗುತ್ತ ಬಂದಂತೆ ಅದರ ವೋಲ್ಟೇಜ್ ಕುಸಿಯುತ್ತದೆ, ಅಷ್ಟೇ ಶಕ್ತಿ ಕೊಡಲು ಅದು ಹೆಚ್ಚು ಪ್ರವಾಹ ಹರಿಸಬೇಕಾಗುತ್ತದೆ.

ಇಷ್ಟಕ್ಕೇ ಮುಗಿದಿದ್ದರೆ ಚಿಂತೆಯಿರಲಿಲ್ಲ. ವಿಮಾನ ಇಳಿದ ಕೂಡಲೇ ಮುಂದಿನ ಪ್ರಯಾಣಕ್ಕೆಂದು ಚಾರ್ಜರ್ ಸಿಕ್ಕಿಸುತ್ತಾರೆ. ಖರ್ಚಾದ ವಿದ್ಯುತ್ತನ್ನು 300 ಕಿಲೋವ್ಯಾಟ್ ದರದಲ್ಲಿ ತುಂಬಲು ಸುಮಾರು 12 ನಿಮಿಷ ಬೇಕು, ಆ ಹೊತ್ತಿಗೆ ಇನ್ನೂ ಹತ್ತು ಡಿಗ್ರಿ ಏರುತ್ತದೆ. 25 ಡಿಗ್ರಿಯಲ್ಲಿ ಹೊರಟ ಬ್ಯಾಟರಿ ಹಾರಿ ಇಳಿದಾಗ 36 ಡಿಗ್ರಿ, ಚಾರ್ಜ್ ಮುಗಿದಾಗ 46 ಡಿಗ್ರಿ. ಹೆಚ್ಚಿನ ಲಿಥಿಯಂ-ಅಯಾನ್ ಸೆಲ್‌ಗಳನ್ನು 45 ಡಿಗ್ರಿಗಿಂತ ಮೇಲೆ ಚಾರ್ಜ್ ಮಾಡಬಾರದೆಂದು ತಯಾರಕರೇ ಹೇಳುತ್ತಾರೆ. ಬಳಸುವಾಗಿನ ಮಿತಿ ಸಾಮಾನ್ಯವಾಗಿ 60 ಡಿಗ್ರಿ. ಎರಡನೆಯ ಹಾರಾಟ ಮುಗಿಯುವಾಗ ನಮ್ಮ ಬ್ಯಾಟರಿ 57 ಡಿಗ್ರಿ ಮುಟ್ಟಿರುತ್ತದೆ. ಮೂರನೆಯ ಹಾರಾಟದ ಮಾತೇ ಬೇಡ.

ಹಾಗಾದರೆ ಗಾಳಿ ಹಾಯಿಸಿದರೇನು? ಪೆಟ್ರೋಲ್ ಎಂಜಿನ್ನಿನಲ್ಲಿ ವ್ಯರ್ಥ ಶಾಖದ ದೊಡ್ಡ ಪಾಲನ್ನು ಹೊಗೆಯೇ ಹೊತ್ತುಕೊಂಡು ಹೋಗುತ್ತದೆ, ಉಳಿದದ್ದು ನೂರು ಡಿಗ್ರಿಯ ಆಸುಪಾಸಿನ ಬಿಸಿಯಲ್ಲಿರುವುದರಿಂದ ಹೊರಗಿನ ಗಾಳಿಗೆ ಸುಲಭವಾಗಿ ದಾಟುತ್ತದೆ. ಬ್ಯಾಟರಿಗೆ ಹೊಗೆಯ ಕೊಳವೆ ಇಲ್ಲ. ಬ್ಯಾಟರಿ 45 ಡಿಗ್ರಿಯಲ್ಲಿದ್ದು ನೆಲದ ಗಾಳಿ 35 ಡಿಗ್ರಿಯಲ್ಲಿದ್ದರೆ ಶಾಖವನ್ನು ಹೊರತಳ್ಳುವ ಅಂತರ ಬರೀ ಹತ್ತು ಡಿಗ್ರಿ. ಅಂತರ ಕಡಿಮೆಯಾದಷ್ಟೂ ರೇಡಿಯೇಟರ್ ದೊಡ್ಡದಾಗಬೇಕು, ದೊಡ್ಡ ರೇಡಿಯೇಟರ್ ಗಾಳಿಯನ್ನು ತಡೆದು ವಿಮಾನವನ್ನು ಹಿಂದಕ್ಕೆಳೆಯುತ್ತದೆ, ಆ ಎಳೆತವನ್ನು ಮೀರಲು ಬ್ಯಾಟರಿ ಇನ್ನಷ್ಟು ಶಕ್ತಿ ಕೊಟ್ಟು ಇನ್ನಷ್ಟು ಕಾಯುತ್ತದೆ. 3,000 ಮೀಟರ್ ಎತ್ತರದಲ್ಲಿ ಗಾಳಿ ಸಮುದ್ರಮಟ್ಟಕ್ಕಿಂತ ಸುಮಾರು 20 ಡಿಗ್ರಿ ತಣ್ಣಗಿರುತ್ತದೆ ನಿಜ, ಆದರೆ ಅದರ ಸಾಂದ್ರತೆ ಕಾಲು ಭಾಗ ಕಡಿಮೆಯಾಗಿರುತ್ತದೆ. ಇದಲ್ಲದೆ ಗಾಳಿ ಮೊದಲು ತಾಗುವ ಸೆಲ್‌ಗಳು ತಣ್ಣಗಿದ್ದು ಕೊನೆಯ ಸಾಲಿನವು ಬಿಸಿಯಾಗಿಯೇ ಉಳಿದರೆ ಅವು ಬೇಗ ಸವೆಯುತ್ತವೆ. ಸರಣಿಯಲ್ಲಿ ಜೋಡಿಸಿದ ಸೆಲ್‌ಗಳ ಸಾಮರ್ಥ್ಯವನ್ನು ಅವುಗಳಲ್ಲಿ ಅತಿ ದುರ್ಬಲವಾದುದೇ ನಿರ್ಧರಿಸುತ್ತದೆ.

ಈ ಕಾರಣಕ್ಕೇ ವಿನ್ಯಾಸಕಾರರು ದ್ರವದತ್ತ ಹೊರಳಿದ್ದಾರೆ. ಪಿಪಿಸ್ಟ್ರೆಲ್ ಸಂಸ್ಥೆಯ ಆಲ್ಫಾ ಎಲೆಕ್ಟ್ರೋ ವಿಮಾನದ ಬ್ಯಾಟರಿ ಗಾಳಿಯಿಂದ ತಣಿಯುತ್ತಿತ್ತು. ಅದರ ನಂತರ ಬಂದ, 2020ರ ಜೂನ್‌ನಲ್ಲಿ ಐರೋಪ್ಯ ವಾಯುಯಾನ ಸುರಕ್ಷತಾ ಸಂಸ್ಥೆಯಿಂದ ಪ್ರಮಾಣಪತ್ರ ಪಡೆದು ಜಗತ್ತಿನಲ್ಲೇ ಮೊದಲ ಪ್ರಮಾಣಿತ ವಿದ್ಯುತ್ ವಿಮಾನವೆನಿಸಿದ ವೆಲಿಸ್ ಎಲೆಕ್ಟ್ರೋದಲ್ಲಿ, ಮೂಗಿನ ಭಾಗದಲ್ಲೊಂದು ಆಸನಗಳ ಹಿಂದೊಂದು ಹೀಗೆ ಎರಡು ಬ್ಯಾಟರಿಗಳಿದ್ದು ಎರಡೂ ದ್ರವದಿಂದ ತಣಿಯುತ್ತವೆ. ದ್ರವ ಎಲ್ಲಿ ತಾಗಬೇಕೆಂಬುದೂ ಮುಖ್ಯ. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ ಒಂದು ಸೆಲ್ಲನ್ನು ಬಿಡಿಸಿ ನೋಡಿದರೆ ಒಳಗೆ ತಾಮ್ರ ಮತ್ತು ಅಲ್ಯುಮಿನಿಯಂ ಹಾಳೆಗಳನ್ನು ಚಾಪೆಯಂತೆ ಸುತ್ತಿಟ್ಟಿರುವುದು ಕಾಣುತ್ತದೆ. ಶಾಖ ಆ ಲೋಹದ ಹಾಳೆಗಳ ಉದ್ದಕ್ಕೆ ಸರಾಗವಾಗಿ ಹರಿಯುತ್ತದೆ, ಪದರದಿಂದ ಪದರಕ್ಕೆ ದಾಟಲು ತಿಣುಕುತ್ತದೆ. ಸೆಲ್ಲಿನ ತಳಕ್ಕೆ ತಣ್ಣನೆಯ ತಟ್ಟೆ ಒತ್ತಿಡುವ ವಿನ್ಯಾಸಗಳ ಹಿಂದಿನ ತರ್ಕ ಇದು. ಹೊರಮೈಗೆ ಅಂಟಿಸಿದ ತಾಪಮಾಪಕ ತೋರುವುದಕ್ಕಿಂತ ಸೆಲ್ಲಿನ ನಡು ಹೆಚ್ಚು ಬಿಸಿಯಾಗಿರುವುದಕ್ಕೂ ಇದೇ ಕಾರಣ.

ಆದರೂ ಪಂಪು, ದ್ರವ, ರೇಡಿಯೇಟರ್ ಎಲ್ಲಕ್ಕೂ ತೂಕವಿದೆ. ನನ್ನ ದೃಷ್ಟಿಯಲ್ಲಿ ವಿವೇಕದ ದಾರಿಯೆಂದರೆ ಭಾರದ ಯಂತ್ರಗಳನ್ನು ನೆಲದ ಮೇಲೇ ಇಟ್ಟು, ಚಾರ್ಜ್ ಮಾಡುವಾಗಲೇ ಹೊರಗಿನಿಂದ ತಣ್ಣನೆಯ ದ್ರವವನ್ನು ಬ್ಯಾಟರಿಯ ಕೊಳವೆಗಳಲ್ಲಿ ಹರಿಸಿ, ವಿಮಾನವನ್ನು ಪ್ರತಿ ಸಲವೂ ತಂಪಾದ ಬ್ಯಾಟರಿಯೊಂದಿಗೆ ಕಳಿಸುವುದು. ಹಾರುವಾಗಿನ ಹನ್ನೊಂದು ಡಿಗ್ರಿಯನ್ನು ಬ್ಯಾಟರಿಯ ಸ್ವಂತ ತೂಕವೇ ಹೀರಿಕೊಳ್ಳಬಲ್ಲದು.

ಪ್ರಶ್ನೆ: ಹಾರಾಟದ ನಡುವೆ ಒಂದು ಸೆಲ್‌ಗೆ ಬೆಂಕಿ ಹೊತ್ತಿದರೆ ಈ ತಣಿಸುವ ವ್ಯವಸ್ಥೆ ಅದನ್ನು ಆರಿಸುತ್ತದೆಯೇ?

ಉತ್ತರ: ಇಲ್ಲ. ಇವೆರಡೂ ಬೇರೆ ಬೇರೆ ಕೆಲಸಗಳು. ಒಳಗಿನ ಶಾರ್ಟ್ ಸರ್ಕ್ಯೂಟ್‌ನಿಂದಲೋ ಪೆಟ್ಟಿನಿಂದಲೋ ಒಂದು ಸೆಲ್ ನೂರು ಡಿಗ್ರಿಯ ಆಸುಪಾಸು ದಾಟಿತೆಂದರೆ ಅದರೊಳಗಿನ ರಾಸಾಯನಿಕ ಕ್ರಿಯೆಗಳು ತಾವೇ ಶಾಖ ಹುಟ್ಟಿಸತೊಡಗುತ್ತವೆ. 130 ಡಿಗ್ರಿಯ ಸುಮಾರಿಗೆ ಎರಡು ವಿದ್ಯುದ್ವಾರಗಳನ್ನು ಬೇರ್ಪಡಿಸುವ ಪಾಲಿಥಿಲೀನ್ ಪೊರೆ ಕರಗುತ್ತದೆ. ಶಾಖವೇ ಶಾಖ ಹುಟ್ಟಿಸುತ್ತ ಹೀಗೆ ಹತೋಟಿ ಮೀರುವುದನ್ನೇ ಥರ್ಮಲ್ ರನ್‌ಅವೇ ಎನ್ನುವುದು. ಆ ಸೆಲ್ಲನ್ನು ಉಳಿಸುವ ಯೋಚನೆಯನ್ನು ಅಲ್ಲಿಗೇ ಬಿಟ್ಟು ಪಕ್ಕದ ಸೆಲ್ಲನ್ನು ಕಾಪಾಡಬೇಕು.

ಈ ಪಾಠ ಮೊದಲು ದೊಡ್ಡದಾಗಿ ಕಲಿಸಿದ್ದು ಬೋಯಿಂಗ್ 787. ಅದು ವಿದ್ಯುತ್ತಿನಿಂದ ಹಾರುವ ವಿಮಾನವಲ್ಲ, ಆದರೆ ಅದರಲ್ಲಿ ಎಂಟು ಸೆಲ್‌ಗಳ ಲಿಥಿಯಂ-ಅಯಾನ್ ಬ್ಯಾಟರಿಗಳಿದ್ದವು. 2013ರ ಜನವರಿ 7ರಂದು ಬೋಸ್ಟನ್ ನಿಲ್ದಾಣದಲ್ಲಿ ನಿಂತಿದ್ದ ಒಂದು ವಿಮಾನದ ಬ್ಯಾಟರಿ ಹೊತ್ತಿತು. ಜನವರಿ 16ರಂದು ಜಪಾನಿನಲ್ಲಿ ಹಾರುತ್ತಿದ್ದ ಇನ್ನೊಂದರ ಬ್ಯಾಟರಿ ಕೆಟ್ಟು ಅದು ತುರ್ತಾಗಿ ಇಳಿಯಬೇಕಾಯಿತು. ಜಗತ್ತಿನ ಎಲ್ಲ 787ಗಳೂ ತಿಂಗಳುಗಟ್ಟಲೆ ನೆಲ ಬಿಟ್ಟೇಳಲಿಲ್ಲ. ಕೊನೆಗೆ ಒಪ್ಪಿಗೆಯಾದ ಪರಿಹಾರದಲ್ಲಿ ಸೆಲ್‌ಗಳ ನಡುವೆ ಹೆಚ್ಚಿನ ನಿರೋಧಕ, ಸುತ್ತ ಉಕ್ಕಿನ ಪೆಟ್ಟಿಗೆ, ಹೊಗೆ ನೇರವಾಗಿ ವಿಮಾನದ ಹೊರಗೆ ಹೋಗಲು ಕೊಳವೆ ಇದ್ದವು. ನಾಸಾದ ಎಕ್ಸ್-57 ಎಂಬ ವಿದ್ಯುತ್ ವಿಮಾನದ ಯೋಜನೆಯಲ್ಲೂ 2016ರ ಕೊನೆಯಲ್ಲಿ ನಡೆದ ಪರೀಕ್ಷೆಯಲ್ಲಿ ಒಂದೆಡೆ ಹುಟ್ಟಿದ ಶಾಖ ನೆರೆಯ ಸೆಲ್‌ಗಳಿಗೆ ಹಬ್ಬಿತು. ಬ್ಯಾಟರಿಯನ್ನು ಹೊಸದಾಗಿ ವಿನ್ಯಾಸಗೊಳಿಸಬೇಕಾಯಿತು. ಆ ವಿಮಾನ ಹಾರದೆಯೇ 2023ರಲ್ಲಿ ಯೋಜನೆ ಮುಗಿಯಿತಾದರೂ, ಬ್ಯಾಟರಿಯ ಬಗ್ಗೆ ಅದು ಕಲಿಸಿದ್ದನ್ನು ನಾನು ಕಡಿಮೆಯೆಂದು ಎಣಿಸುವುದಿಲ್ಲ. ಮೊದಲ ಪ್ರಶ್ನೆ ಕೇಳಿದವರು ಇಲ್ಲಿ ಇನ್ನೊಂದು ಮಾತು ಗಮನಿಸಬೇಕು: ಗಾಳಿ ಹಾಯಬೇಕಾದರೆ ಪೆಟ್ಟಿಗೆ ತೆರೆದಿರಬೇಕು, ಬೆಂಕಿ ಹಬ್ಬಬಾರದೆಂದರೆ ಮುಚ್ಚಿರಬೇಕು.

ಪ್ರಶ್ನೆ: ಹಾಗಿದ್ದರೆ ಬ್ಯಾಟರಿ ಎಷ್ಟು ತಣ್ಣಗಿದ್ದರೆ ಅಷ್ಟು ಒಳ್ಳೆಯದೇ?

ಉತ್ತರ: ಅಲ್ಲ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಂ ವಿದ್ಯುದ್ವಾರದ ಗ್ರಾಫೈಟಿನೊಳಗೆ ಸೇರುವ ಬದಲು ಅದರ ಮೇಲೆ ಲೋಹವಾಗಿ ಕೂಡುತ್ತದೆ. ಇದರಿಂದ ಬ್ಯಾಟರಿಯ ಸಾಮರ್ಥ್ಯ ಕುಗ್ಗುತ್ತದೆ, ಮುಂದೊಂದು ದಿನ ಒಳಗೇ ಶಾರ್ಟ್ ಆಗುವ ಅಪಾಯವೂ ಉಂಟು. ತಣ್ಣಗಿನ ಸೆಲ್ಲಿನ ಆಂತರಿಕ ರೋಧವೂ ಹೆಚ್ಚು. ಮೇಲೇರುವಾಗ ಹಠಾತ್ತನೆ ಶಕ್ತಿ ಬೇಡಿದರೆ ವೋಲ್ಟೇಜ್ ಜಗ್ಗುತ್ತದೆ. ಆದ್ದರಿಂದ ಚಳಿಗಾಲದ ಬೆಳಗ್ಗೆ ಅದೇ ಕೊಳವೆಗಳಲ್ಲಿ ಬೆಚ್ಚನೆಯ ದ್ರವ ಹರಿಸಿ, ಬ್ಯಾಟರಿ 20 ಡಿಗ್ರಿಯ ಸುಮಾರಿಗೆ ಬಂದ ಮೇಲೆಯೇ ವಿಮಾನವನ್ನು ಹೊರಡಿಸುವುದು ಕ್ಷೇಮ.