ಚಳಿ ಇದೆ ಅಂತ ಡಬರಿ ಕಟ್ಟೆ ಮೇಲೆ ಬಿಡಬೇಡಿ: ಓದುಗರ ಪ್ರಶ್ನೆಗಳಿಗೆ ಉತ್ತರ

ದೀಪಾವಳಿ ಮುಗಿದು ಚಳಿ ಶುರುವಾದ್ರೆ ಸಾಕು, ನನಗೆ ಬರೋ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ. ಪುಣೆಯ ಕೋಥ್ರೂಡಿಂದ, ವಾಕಡ್‌ನಿಂದ, ಠಾಣೆಯಿಂದ, ಮಡಗಾಂವಿಂದ, ಎಲ್ಲಿಂದ ಬಂದ್ರೂ ಅದೇ: "ಈಗ ಚಳಿ ಅಲ್ವಾ ಮೇಡಂ, ರಾತ್ರಿ ಮಾಡಿದ ಅಡುಗೆ ಹೊರಗೇ ಇದ್ರೆ ನಡೀತದಲ್ಲ?" ಹೋದ ವರ್ಷ ಉತ್ತರ ಕೊಟ್ಟೆ, ಅದರ ಹಿಂದಿನ ವರ್ಷನೂ ಕೊಟ್ಟೆ. ಇಪ್ಪತ್ತು ವರ್ಷಕ್ಕೂ ಮೇಲೆ ಪುಣೆಯಲ್ಲಿ ಆಹಾರ ಪರೀಕ್ಷೆ ಲ್ಯಾಬಲ್ಲಿ ಕೂತು ನೋಡಿದ್ದನ್ನೇ ಹೇಳ್ತಿದೀನಿ, ಪುಸ್ತಕ ಓದಿ ಅಲ್ಲ. ಕೈ ತೊಳೀರಿ, ಸೊಪ್ಪು ತೊಳೀರಿ ಅಂತೆಲ್ಲ ಇಲ್ಲಿ ಬರೆಯಲ್ಲ, ಅಷ್ಟು ಗೊತ್ತಿದ್ದವರೇ ಅಡುಗೆಮನೆಗೆ ಹೋಗಿರ್ತೀರಿ ಅಂದ್ಕೊಂಡಿದೀನಿ. ಈ ಸಲ ಬಂದ ಪ್ರಶ್ನೆ ಪೂರ್ತಿ ಕೊಡ್ತೀನಿ, ಯಾಕಂದ್ರೆ ಎಲ್ಲರ ತಪ್ಪೂ ಇದೊಂದರಲ್ಲೇ ಇದೆ.

"ಭೋಗಿ ದಿನ ನಮ್ಮ ಸೊಸೈಟಿಯ ಹನ್ನೆರಡು ಕನ್ನಡ ಮನೆಯವರು ಸೇರಿ ಊಟ ಮಾಡ್ತೀವಿ. ಅವರೆಕಾಳು ಉಸಳಿ ಮತ್ತೆ ಪಲಾವ್ ನನ್ನ ಪಾಲಿಗೆ ಬಂದಿದೆ. ಬೆಳಿಗ್ಗೆ ಆಫೀಸ್ ಇರೋದ್ರಿಂದ ಹಿಂದಿನ ರಾತ್ರಿನೇ ಮಾಡಿ, ಡಬರಿ ಮುಚ್ಚಿ ಅಡುಗೆಮನೆ ಕಟ್ಟೆ ಮೇಲಿಡ್ತೀನಿ, ಫ್ರಿಜ್‌ನಲ್ಲಿ ಜಾಗ ಇಲ್ಲ. ರಾತ್ರಿ 10 ಡಿಗ್ರಿ ಇರ್ತದೆ. ಮಧ್ಯಾಹ್ನ ಚೆನ್ನಾಗಿ ಕುದಿಸಿ ಬಡಿಸಿದ್ರೆ ಆಯ್ತಲ್ಲ? ನಮ್ಮತ್ತೆ ಯಾವಾಗ್ಲೂ ಹೀಗೇ ಮಾಡೋರು."

ಆಗಲ್ಲ. ಯಾಕೆ ಆಗಲ್ಲ ಅಂತ ಕೇಳಿ.

ಮೊದಲನೇದು, ಆ 10 ಡಿಗ್ರಿ ಪುಣೆಯ ಶಿವಾಜಿನಗರದ ಹವಾಮಾನ ಇಲಾಖೆಯ ಬಯಲಲ್ಲಿ ಬೆಳಗಿನ ಜಾವ ಅಳೆದಿದ್ದು, ನಿಮ್ಮ ಅಡುಗೆಮನೆಯದ್ದಲ್ಲ. ಕಿಟಕಿ ಹಾಕಿರೋ ಫ್ಲ್ಯಾಟಲ್ಲಿ, ಅದೂ ಎರಡು ತಾಸು ಗ್ಯಾಸ್ ಉರಿದ ಅಡುಗೆಮನೆಯಲ್ಲಿ, ಜನವರಿಯಲ್ಲೂ 20ರ ಆಸುಪಾಸು ಇರ್ತದೆ. ಮಧ್ಯಾಹ್ನ ಪುಣೆಯಲ್ಲಿ 29, 30 ಆಗೋದು ಚಳಿಗಾಲದಲ್ಲೂ ಮಾಮೂಲಿ. ಮುಂಬೈ, ಗೋವಾದವರಂತೂ ಈ ಮಾತು ಎತ್ತಲೇಬೇಡಿ, ನಿಮ್ಮಲ್ಲಿ ಇರೋದು ಚಳಿನೇ ಅಲ್ಲ. ಫ್ರಿಜ್ ಅಂದ್ರೆ 5 ಡಿಗ್ರಿಗಿಂತ ಕೆಳಗೆ.

ಎರಡನೇದು, ಇದೇ ಮುಖ್ಯ. ಹೊರಗೆ ಎಷ್ಟೇ ಚಳಿ ಇರಲಿ, ದೊಡ್ಡ ಡಬರಿ ಒಳಗೆ ಆ ಚಳಿ ಹೋಗಲ್ಲ. ನಾನೇ ಒಮ್ಮೆ ಮನೆಯಲ್ಲಿ ಅಳೆದು ನೋಡಿದೆ. ಹತ್ತು ಲೀಟರಿನ ಸ್ಟೀಲ್ ಡಬರಿ ತುಂಬ ಗಟ್ಟಿ ಉಸಳಿ, ಮೇಲೆ ತಟ್ಟೆ, ಅದರ ಮೇಲೆ ನಮ್ಮವರು ರೂಢಿ ಪ್ರಕಾರ ಟವೆಲ್ ಬೇರೆ ಸುತ್ತಿದ್ರು. ರಾತ್ರಿ 11ಕ್ಕೆ ನಡುವಿಗೆ ಥರ್ಮಾಮೀಟರ್ ಚುಚ್ಚಿದಾಗ 94 ಡಿಗ್ರಿ. 2 ಗಂಟೆಗೆ ಎದ್ದು ನೋಡಿದ್ರೆ 55. ಬೆಳಿಗ್ಗೆ 6ಕ್ಕೆ ಹೊರಗೆ ಬಾಯಲ್ಲಿ ಹೊಗೆ ಬರೋ ಅಷ್ಟು ಚಳಿ, ಡಬರಿ ಹೊರಮೈ ಮುಟ್ಟಿದ್ರೆ ತಣ್ಣಗೆ, ನಡುವಲ್ಲಿ ಮಾತ್ರ ಇನ್ನೂ 38 ಡಿಗ್ರಿ. ಅಂದ್ರೆ 2ರಿಂದ 6ರವರೆಗಿನ ನಾಲ್ಕು ತಾಸಲ್ಲಿ ಬಹುಪಾಲು ಹೊತ್ತು ಆ ಉಸಳಿ ಬ್ಯಾಕ್ಟೀರಿಯಾಗೆ ಬೇಕಾದ ಕರೆಕ್ಟ್ ಬಿಸಿಯಲ್ಲೇ ಕೂತಿತ್ತು. ಲ್ಯಾಬಲ್ಲಿ ನಾವು ಬ್ಯಾಕ್ಟೀರಿಯಾ ಬೆಳೆಸೋಕೆ ಇನ್‌ಕ್ಯುಬೇಟರ್ ಇಡೋದು 37 ಡಿಗ್ರಿಗೆ, ಅಂದ್ರೆ ನಿಮ್ಮ ಡಬರಿ ಒಂದು ಇನ್‌ಕ್ಯುಬೇಟರ್. ಗಟ್ಟಿ ಪದಾರ್ಥದ ಆಳ ಎರಡು ಪಟ್ಟಾದ್ರೆ ಆರೋಕೆ ಬೇಕಾದ ಟೈಮು ಹೆಚ್ಚುಕಮ್ಮಿ ನಾಲ್ಕು ಪಟ್ಟಾಗ್ತದೆ, ಹಾಗಾಗಿ ನಾಲ್ಕು ಜನಕ್ಕೆ ಮಾಡಿದಾಗ ಏನೂ ಆಗದ ಅಡುಗೆ ನಲವತ್ತು ಜನಕ್ಕೆ ಮಾಡಿದಾಗ ಕೈ ಕೊಡೋದು.

ಕುದಿಸಿದ ಮೇಲೆ ಬ್ಯಾಕ್ಟೀರಿಯಾ ಎಲ್ಲಿಂದ ಬರ್ತವೆ ಅಂತ ಕೇಳ್ತೀರಿ. ಎಲ್ಲಿಂದಲೂ ಬರಬೇಕಾಗಿಲ್ಲ, ಒಳಗೇ ಇರ್ತವೆ. ಕಾಳು, ಮಸಾಲೆ, ಮಾಂಸದ ಜೊತೆ ಬರೋ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಅನ್ನೋದು, ಅಕ್ಕಿ ಜೊತೆ ಬರೋ ಬ್ಯಾಸಿಲಸ್ ಸೀರಿಯಸ್ ಅನ್ನೋದು, ಇವೆರಡೂ ಬೀಜದ ಥರ ಗಟ್ಟಿ ಚಿಪ್ಪು ಕಟ್ಕೊಂಡು ಕುದಿಯೋ ನೀರಲ್ಲೂ ಬದುಕಿರ್ತವೆ. ಅಡುಗೆ ಆರ್ತಾ ಬಂದಾಗ ಮೊಳಕೆ ಒಡೀತವೆ. ಪರ್ಫ್ರಿಂಜೆನ್ಸ್ ಅಂತೂ 43ರಿಂದ 47 ಡಿಗ್ರಿ ಒಳಗೆ ಹತ್ತೇ ನಿಮಿಷಕ್ಕೆ ಒಂದಕ್ಕೆ ಎರಡಾಗೋ ಅಂಥದ್ದು. ಆ ಲೆಕ್ಕದಲ್ಲಿ ಒಂದು ತಾಸಿಗೆ 64, ಎರಡು ತಾಸಿಗೆ 4,096, ಮೂರಕ್ಕೆ ಎರಡೂವರೆ ಲಕ್ಷ ದಾಟ್ತದೆ. ವಾಸನೆ ಬರಲ್ಲ, ರುಚಿ ಕೆಡಲ್ಲ, ನೊರೆ ಏಳಲ್ಲ. ಹಳಸಿದ್ದಿದ್ರೆ ಮೂಗಿಗೆ ಗೊತ್ತಾಗ್ತಿತ್ತು ಅನ್ನೋರಿಗೆ ಹೇಳ್ತೀನಿ, ಹಳಸೋ ಬ್ಯಾಕ್ಟೀರಿಯಾ ಬೇರೆ, ಹೊಟ್ಟೆ ಕೆಡಿಸೋ ಬ್ಯಾಕ್ಟೀರಿಯಾ ಬೇರೆ.

ಇನ್ನು "ಮತ್ತೆ ಕುದಿಸಿದ್ರೆ ಆಯ್ತಲ್ಲ". ಪಲಾವಿಗೆ ಇದು ನಡೆಯೋದೇ ಇಲ್ಲ. ಬ್ಯಾಸಿಲಸ್ ಸೀರಿಯಸ್ ಅನ್ನದಲ್ಲಿ ಬೆಳೆದು ಬಿಡೋ ಒಂದು ವಿಷ 121 ಡಿಗ್ರಿಯಲ್ಲಿ ಒಂದೂವರೆ ತಾಸು ಬೇಯಿಸಿದ್ರೂ ನಾಶ ಆಗಲ್ಲ, ನಿಮ್ಮ ಕುಕ್ಕರ್ ಕೂಡ ಅಷ್ಟು ಬಿಸಿ ಮುಟ್ಟೋದು ಕಷ್ಟ. ಬ್ಯಾಕ್ಟೀರಿಯಾ ಸಾಯ್ತದೆ, ವಿಷ ಹಾಗೇ ಉಳೀತದೆ. ಊಟ ಆಗಿ ಅರ್ಧ ತಾಸಿಂದ ಆರು ತಾಸೊಳಗೆ ವಾಂತಿ ಶುರು. ಉಸಳಿಯ ಪರ್ಫ್ರಿಂಜೆನ್ಸ್ ಆದ್ರೆ ನಡುವಿನ ತನಕ 75 ಡಿಗ್ರಿ ಬಿಸಿಯಾದ್ರೆ ಸಾಯ್ತದೆ, ನಿಜ, ಆದ್ರೆ ಹತ್ತು ಲೀಟರ್ ಗಟ್ಟಿ ಉಸಳಿಯನ್ನ ತಳ ಹತ್ತದ ಹಾಗೆ ನಡುವಿನ ತನಕ ಯಾರು ಕುದಿಸ್ತಾರೆ ಹೇಳಿ, ಅಂಚಲ್ಲಿ ನಾಲ್ಕು ಗುಳ್ಳೆ ಬಂದ ತಕ್ಷಣ ಗ್ಯಾಸ್ ಆರಿಸಿ ಬಡಿಸೋಕೆ ಶುರು ಮಾಡ್ತೀರಿ.

ಕೆಲವು ವರ್ಷದ ಹಿಂದೆ ನಮ್ಮ ಬಳಗದ್ದೇ ಒಂದು ಮನೆಯಲ್ಲಿ ಡಿಸೆಂಬರ್ ತಿಂಗಳು ನಾಮಕರಣ ಇತ್ತು. ಹಿಂದಿನ ರಾತ್ರಿ ಮಾಡಿಟ್ಟ ಮಸಾಲೆ ಅನ್ನ, ನೀವು ಹೇಳಿದ ಹಾಗೇನೇ. ಸಂಜೆ ನಾಲ್ಕರ ಹೊತ್ತಿಗೆ ಆರು ಮಕ್ಕಳು ವಾಂತಿ, ಬಾಣಂತಿಗೂ ವಾಂತಿ. ಆ ಹುಡುಗಿ ಒಂದು ಕೈಯಲ್ಲಿ ಕೂಸು ಹಿಡ್ಕೊಂಡು ಬಚ್ಚಲಮನೆ ಬಾಗಿಲಿಗೆ ಒರಗಿ ನಿಂತಿದ್ದು ನನಗೆ ಇವತ್ತಿಗೂ ಕಣ್ಣ ಮುಂದಿದೆ. ಎಲ್ಲರೂ ಗುಣ ಆದ್ರು. ಆದ್ರೆ ಅಡುಗೆ ಮಾಡಿದ ಅಜ್ಜಿ "ನನ್ನ ಕೈಯಿಂದ ಹಿಂಗಾತಲ್ಲ" ಅಂತ ಅತ್ರು, ಅದಾದ ಮೇಲೆ ಬಳಗದ ಊಟಕ್ಕೆ ಸೌಟು ಹಿಡಿಯಲೇ ಇಲ್ಲ. ಅದಕ್ಕೇ ನಾನು ಈ ವಿಷಯದಲ್ಲಿ ಇಷ್ಟು ಬಿಗಿ.

ಈಗ ನಿಮ್ಮತ್ತೆಯವರ ವಿಷಯ. ಅವರು ತಪ್ಪು ಮಾಡ್ತಿರಲಿಲ್ಲ, ನೀವು ಅವರು ಮಾಡಿದ್ದನ್ನ ಮಾಡ್ತಿಲ್ಲ ಅಷ್ಟೇ. ಎಳ್ಳ ಅಮಾಸಿಗೆ ಹೊಲಕ್ಕೆ ಕಟ್ತಿದ್ದ ಬುತ್ತಿ ನೆನಪಿಸ್ಕೊಳ್ಳಿ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ, ಮೊಸರು ಬುತ್ತಿ. ಇದರಲ್ಲಿ ಮೊಸರು ಬುತ್ತಿ ಬಿಟ್ರೆ ಎಲ್ಲಾ ಒಣ ಪದಾರ್ಥ, ನೀರಿನ ಅಂಶ ಇಲ್ಲದಲ್ಲಿ ಈ ಬ್ಯಾಕ್ಟೀರಿಯಾ ಬೆಳೆಯಲ್ಲ. ಮೊಸರು ಬುತ್ತಿಗೆ ಹುಳಿ ಕಾವಲು, ಅದೂ ಮಧ್ಯಾಹ್ನಕ್ಕೆ ಖಾಲಿ. ನಮ್ಮವ್ವ ಹೇಳೋಳು, "ರೊಟ್ಟಿ ಎಂಟು ದಿನ ಬಾಳತಾವ, ಪಲ್ಯ ಅವತ್ತಿಂದವತ್ತಿಗೇ ಮುಗಸ್ರಿ." ಹಳ್ಳಿಯಲ್ಲಿ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಒಲೆ ಹಚ್ಚಿ ಹೊಲಕ್ಕೆ ಹೊರಡೋ ಹೊತ್ತಿಗೆ ಪಲ್ಯ ಮಾಡ್ತಿದ್ರೇ ಹೊರತು ಹಿಂದಿನ ರಾತ್ರಿ ಅಲ್ಲ. ಪಲಾವ್, ಪನೀರ್, ಗ್ರೇವಿ ಇವೆಲ್ಲ ಆ ಬುತ್ತಿಗೆ ಹೊಸದಾಗಿ ಸೇರಿದ ನೀರಿನ ಅಡುಗೆಗಳು, ಅವಕ್ಕೆ ಅತ್ತೆಯ ರೂಢಿ ಅನ್ವಯ ಆಗಲ್ಲ.

ಹಾಗಾದ್ರೆ ಏನು ಮಾಡಬೇಕು. ಪಲಾವ್ ರಾತ್ರಿ ಮಾಡಲೇಬೇಡಿ. ತರಕಾರಿ ಹೆಚ್ಚಿ, ಮಸಾಲೆ ರುಬ್ಬಿ ಫ್ರಿಜ್‌ನಲ್ಲಿಡಿ, ಅನ್ನದ ಕೆಲಸ ಬೆಳಿಗ್ಗೆ, ಇಲ್ಲಾಂದ್ರೆ ಮಧ್ಯಾಹ್ನ ಮನೆಯಲ್ಲಿ ಇರೋರು ಯಾರಾದ್ರೂ ಮಾಡಲಿ, ಹನ್ನೆರಡು ಮನೆಯಲ್ಲಿ ಒಬ್ಬರೂ ಸಿಗಲ್ವಾ? ಉಸಳಿ ರಾತ್ರಿ ಮಾಡಬಹುದು, ಆದ್ರೆ ಇಳಿಸಿದ ತಕ್ಷಣ ಎರಡು ಮೂರು ಪರಾತಕ್ಕೆ ಸುರಿಯಿರಿ, ಮೂರು ಬೆರಳಿನ ಅಗಲಕ್ಕಿಂತ ಹೆಚ್ಚು ಆಳ ಇರಬಾರದು. ಮುಚ್ಚಬೇಡಿ, ಫ್ಯಾನ್ ಹಾಕಿ, ನಡುನಡುವೆ ಸೌಟಲ್ಲಿ ತಿರುವಿ. ಹಬೆ ನಿಂತು ಕೈಗೆ ಉಗುರುಬೆಚ್ಚಗೆ ಆದ ಕೂಡಲೇ ಅಗಲ ಡಬ್ಬಿಗಳಲ್ಲಿ ಫ್ರಿಜ್‌ಗೆ. ದೊಡ್ಡ ಅಡುಗೆಮನೆಗಳಲ್ಲಿ ಪಾಲಿಸೋ ಲೆಕ್ಕ ಇದು: 60 ಡಿಗ್ರಿಯಿಂದ 21ಕ್ಕೆ ಎರಡು ತಾಸಲ್ಲಿ ಇಳೀಬೇಕು, ಅಲ್ಲಿಂದ 5ಕ್ಕೆ ಇನ್ನು ನಾಲ್ಕು ತಾಸಲ್ಲಿ. ಬೆಚ್ಚಗಿರೋದು ಇಟ್ರೆ ಫ್ರಿಜ್ ಹಾಳಾಗ್ತದೆ ಅನ್ನೋದು ಸುಳ್ಳು. ಜಾಗ ಇಲ್ಲ ಅಂದ್ರಲ್ಲ, ಉಪ್ಪಿನಕಾಯಿ, ಬೆಲ್ಲ, ಸಾಸ್ ಬಾಟಲಿ, ಆರು ನೀರಿನ ಬಾಟಲಿ ಒಂದು ರಾತ್ರಿ ಹೊರಗಿದ್ರೆ ಏನೂ ಆಗಲ್ಲ, ಅವನ್ನ ತೆಗೀರಿ. ಮಧ್ಯಾಹ್ನ ಸ್ವಲ್ಪ ಸ್ವಲ್ಪವೇ ಸಣ್ಣ ಪಾತ್ರೆಯಲ್ಲಿ ತಳದಿಂದ ತಿರುವಿ ಪೂರ್ತಿ ಕೊತಕೊತ ಕುದಿಸಿ ಬಡಿಸಿ, ಮೇಜಿನ ಮೇಲೆ ಎರಡು ತಾಸು ಕೂತಿದ್ದನ್ನ ಮತ್ತೆ ಡಬ್ಬಿ ತುಂಬಿ ಯಾರ ಮನೆಗೂ ಕಳಿಸಬೇಡಿ.

"ಅನ್ನದಲ್ಲಿ ಬೆಳ್ಳಿ ನಾಣ್ಯ ಹಾಕಿದ್ರೆ, ಇಲ್ಲಾ ದರ್ಭೆ ಇಟ್ರೆ ಕೆಡಲ್ಲ ಅಂತಾರೆ?"

ಕೆಡ್ತದೆ.

"ಊಟಕ್ಕೆ ಮುಂಚೆ ಒಂದು ಚಮಚ ಡಿಟಾಕ್ಸ್ ಪುಡಿ ತಗೊಂಡ್ರೆ ಹಳೇ ಅಡುಗೆ ಏನೂ ಮಾಡಲ್ಲ ಅಂತ ಒಬ್ಬ ಗುರೂಜಿ ವಿಡಿಯೋದಲ್ಲಿ ಹೇಳ್ತಾರೆ. ಆರುನೂರು ರೂಪಾಯಿ ಡಬ್ಬಿ."

ಆ ಮನುಷ್ಯ ಜನರ ಹೊಟ್ಟೆ ಮೇಲೆ ವ್ಯಾಪಾರ ಮಾಡ್ತಿದಾನೆ. ಈ ವಿಷ ಹೊಟ್ಟೆಗೆ ಹೋದ ಮೇಲೆ ಅದನ್ನ ತೆಗೆಯೋ ಪುಡಿ ಯಾವುದೂ ಇಲ್ಲ. ವಾಂತಿ ಭೇದಿ ಆದ್ರೆ ಬೇಕಾಗಿರೋದು ಓಆರ್‌ಎಸ್, ದೊಡ್ಡ ಪ್ಯಾಕೆಟ್ ಒಂದಕ್ಕೆ ಒಂದು ಲೀಟರ್ ಕುದಿಸಿ ಆರಿಸಿದ ನೀರು, ಸ್ವಲ್ಪ ಸ್ವಲ್ಪವೇ ಗುಟುಕು. ಪ್ಯಾಕೆಟ್ ಸಿಗದಿದ್ರೆ ಒಂದು ಲೀಟರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಸಮತಟ್ಟಾಗಿ ಅಳೆದು. ಉಪ್ಪು ಜಾಸ್ತಿ ಆದ್ರೆ ಮಕ್ಕಳಿಗೆ ಅಪಾಯ, ಕಣ್ಣಂದಾಜು ಬೇಡ. ಭೇದಿಯಲ್ಲಿ ರಕ್ತ ಬಂದ್ರೆ, ಜ್ವರ ಏರಿದ್ರೆ, ಮಗು ಮೂತ್ರ ಮಾಡೋದು ನಿಂತ್ರೆ ಡಾಕ್ಟರ ಹತ್ತಿರ ಹೋಗಿ, ನನಗೆ ಪ್ರಶ್ನೆ ಬರೀತಾ ಕೂರಬೇಡಿ.

"ಚಳಿಗೆ ಇಡ್ಲಿ ಹಿಟ್ಟು ಉಬ್ಬಲ್ಲ, ಸೋಡಾ ಹಾಕಲಾ?"

ಬೇಡ. ಹಿಟ್ಟಿನ ಪಾತ್ರೆಯನ್ನ ಬಿಸಿನೀರಿನ ಅಗಲ ಪಾತ್ರೆಯಲ್ಲಿಟ್ಟು ಬಂದ್ ಮಾಡಿದ ಓವನ್ ಒಳಗೆ ಲೈಟ್ ಹಾಕಿ ಬಿಡಿ, ಹದಿನಾಲ್ಕು ತಾಸು ಕೊಡಿ.

"ಸಂಕ್ರಾಂತಿ ಎಳ್ಳು ಬೆಲ್ಲಕ್ಕೆ ಹೋದ ವರ್ಷದ ಶೇಂಗಾ ಉಳಿದಿದೆ, ಹುರಿದ್ರೆ ಸರಿ ಹೋಗ್ತದಲ್ಲ?"

ಹೋಗಲ್ಲ. ಬೂಸ್ಟು ಬಂದ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಅನ್ನೋ ವಿಷ ಇರಬಹುದು, ಲಿವರ್‌ಗೆ ಕೆಟ್ಟದ್ದು, ಮನೆಯಲ್ಲಿ ಹುರಿಯೋ ಬಿಸಿಗೆ ಅದು ಪೂರ್ತಿ ಹೋಗಲ್ಲ. ಮುರುಟಿದ್ದು, ಕಪ್ಪಾಗಿದ್ದು, ಕಹಿ ಇರೋದು ಒಂದೊಂದೂ ಆರಿಸಿ ಬಿಸಾಕಬೇಕು, ಅರ್ಧ ಕಿಲೋದಲ್ಲಿ ಒಂದು ಹಿಡಿ ಅಂಥದ್ದೇ ಸಿಕ್ರೆ ಪೂರ್ತಿ ಅರ್ಧ ಕಿಲೋ ಬಿಸಾಕಿ. ಬೆಲ್ಲ, ಕೊಬ್ಬರಿ ಜೊತೆ ಸೇರಿದ ಮೇಲೆ ಕಹಿ ಗೊತ್ತೇ ಆಗಲ್ಲ, ಮತ್ತೆ ಈ ಎಳ್ಳು ಬೆಲ್ಲ ನೀವು ಕೊಡೋದು ಊರ ಮಕ್ಕಳಿಗೆಲ್ಲ.

"ಸೀತನಿ (ಸುಟ್ಟ ಎಳೇ ಜೋಳದ ಕಾಳು, ಇಲ್ಲಿನವರ ಹುರ್ಡಾ) ವಿಷ ಅಂತೆ, ಹುರ್ಡಾ ಪಾರ್ಟಿಗೆ ಮಕ್ಕಳನ್ನ ಕರ್ಕೊಂಡು ಹೋಗಬಹುದಾ?"

ಹೋಗಿ. ವಿಷ ಇರೋದು ಎಳೇ ಜೋಳದ ಪೈರಿನ ಎಲೆಯಲ್ಲಿ, ದನಗಳಿಗೆ ಅಪಾಯ, ಕೆಂಡದಲ್ಲಿ ಸುಟ್ಟು ಉದುರಿಸಿದ ಹಾಲ್ಗಾಳಿನಲ್ಲಿ ಅಲ್ಲ.

"ಬಿಸಿನೀರಿಗೆ ಜೇನು ಹಾಕಿದ್ರೆ ವಿಷ ಆಗ್ತದಾ?"

ಆಗಲ್ಲ. ಆದ್ರೆ ಒಂದು ವರ್ಷದೊಳಗಿನ ಕೂಸಿಗೆ ಜೇನು ನೆಕ್ಕಿಸೋದು ಮಾತ್ರ ಬಿಡಿ, ಬಿಸಿಯಾಗಲಿ ತಣ್ಣಗಾಗಲಿ. ಬೊಟ್ಯುಲಿಸಂ ಅನ್ನೋ ರೋಗ ಬರಬಹುದು, ಉಸಿರಾಟಕ್ಕೇ ಕುತ್ತು.

"ಅಜ್ಜಿ ಕಾಲದ ಹಿತ್ತಾಳೆ ಡಬರಿಯಲ್ಲಿ ಬಳಗದ ಊಟಕ್ಕೆ ಹುಳಿ ಮಾಡಬೇಕು ಅಂತ ಆಸೆ."

ಒಳ್ಳೇ ಆಸೆ, ಕಲಾಯಿ ಹಾಕಿಸಿದ್ರೆ. ಒಳಗೆ ಹಳದಿ ಲೋಹ ಕಾಣ್ತಿದ್ರೆ ಹುಣಸೆಹಣ್ಣು, ಟೊಮೆಟೊ, ಮೊಸರು ಯಾವುದೂ ಅದರಲ್ಲಿ ಹಾಕಬಾರದು, ತಾಮ್ರ ಬಿಟ್ಕೊಂಡು ಹೊಟ್ಟೆ ತೊಳಸ್ತದೆ. ಪುಣೆಯವರು ಕಸಬಾ ಪೇಠೆಯ ತಾಂಬಟ್ ಆಳಿಗೆ, ಅಂದ್ರೆ ತಾಮ್ರದ ಪಾತ್ರೆ ಮಾಡೋರ ಓಣಿಗೆ, ಹೋಗಿ ವಿಚಾರಿಸಿ. ಪಾತ್ರೆ ಕಾಯಿಸಿ, ನವಸಾಗರ ಉಜ್ಜಿ, ತವರ ಕರಗಿಸಿ ಅರಿವೆಯಲ್ಲಿ ಒಂದು ಸುತ್ತು ಸವರಿದ ಕೂಡಲೇ ಒಳಮೈ ಬೆಳ್ಳಿ ಹಾಗೆ ಹೊಳೀತದೆ, ನೋಡೋಕೇ ಚೆಂದ. ತವರವೇ ಹಾಕಬೇಕು, ಸೀಸ ಬೆರೆಸಿದ್ದು ಬೇಡ ಅಂತ ಮೊದಲೇ ಹೇಳಿ.

"ಪಾರ್ಟಿಯಲ್ಲಿ ಉಳಿದಿದ್ದನ್ನ ಮರುದಿನ ಮನೆ ಕೆಲಸದಾಕೆಗೆ, ವಾಚ್‌ಮನ್‌ಗೆ ಕೊಡಬಹುದಾ? ನಾವು ತಿನ್ನಲ್ಲ, ಸ್ವಲ್ಪ ಡೌಟ್ ಇದೆ."

ಈ ಪ್ರಶ್ನೆ ಪ್ರತೀ ವರ್ಷ ಬರ್ತದೆ, ಪ್ರತೀ ವರ್ಷ ನನಗೆ ಸಿಟ್ಟು ಬರ್ತದೆ. ನಿಮಗೆ ಡೌಟ್ ಇದೆ ಅಂತ ನೀವೇ ಬರೆದಿದೀರಿ. ನಿಮಗೆ ಹೊಟ್ಟೆ ಕೆಟ್ರೆ ರಜೆ ಹಾಕಿ ಮಲಗ್ತೀರಿ, ಆಕೆಗೆ ಕೆಟ್ರೆ ನಾಲ್ಕು ಮನೆಯ ಒಂದು ದಿನದ ಪಗಾರ ಹೋಗ್ತದೆ, ಮನೆಯಲ್ಲಿ ಅದೇ ಡಬ್ಬಿ ತಿಂದ ಚಿಕ್ಕ ಮಕ್ಕಳು ಬೇರೆ. ಕೊಡಬೇಕು ಅಂತ ಮನಸ್ಸಿದ್ರೆ ಅವರ ಪಾಲು ಬಡಿಸೋಕೆ ಶುರು ಮಾಡೋ ಮುಂಚೆನೇ ಎತ್ತಿಡಿ. ಡಬ್ಬಿ ತುಂಬಿ, ಬಿಸಿ ಇರೋವಾಗಲೇ ಗೇಟಿಗೆ ಹೋಗಿ ಕೈಗೆ ಕೊಟ್ಟು, ಇವತ್ತು ರಾತ್ರಿನೇ ಊಟ ಮಾಡಿ ಅಂತ ಹೇಳಿ ಬನ್ನಿ.