ಮುಂದೆ ಬರುವ ಗೇಮ್‌ಗಳ ಪಟ್ಟಿ ನೋಡಿ ಸ್ವಿಚ್ 2 ಕೊಳ್ಳಬಹುದಾ?

ನಿಂಟೆಂಡೊ ಕಂಪನಿಯ ಗೇಮ್ ಕನ್ಸೋಲ್ ಸ್ವಿಚ್ 2ಕ್ಕೆ ಬರಲಿರುವ ಗೇಮ್‌ಗಳ ಪಟ್ಟಿ ಉದ್ದ ಇದೆ, ಆದರೆ ಗಟ್ಟಿ ಇದೆಯಾ ಎಂದು ನೀವು ಕೇಳಿದ್ದೀರಿ. ಬದಿಯಡ್ಕದ ನಮ್ಮ ಮನೆ ಜಗಲಿಯಲ್ಲಿ ಇದೇ ವಿಷಯಕ್ಕೆ ನನಗೂ ಭಾವನಿಗೂ ಎಷ್ಟೋ ಸಂಜೆ ವಾದ ನಡೆದಿದೆ. ಅವನು ಟ್ರೇಲರ್ ಎಣಿಸುತ್ತಾನೆ. ನಾನು ತಾರೀಕು ಎಣಿಸುತ್ತೇನೆ.

ನಮ್ಮದು ಅಡಿಕೆ ತೋಟ. ಹಿಂಗಾರ ನೋಡಿ ಇಲ್ಲಿ ಯಾರೂ ಬೆಳೆಯ ಲೆಕ್ಕ ಹಾಕುವುದಿಲ್ಲ. ಮಳೆಗಾಲದಲ್ಲಿ ಕೊಳೆರೋಗ ಬಂದರೆ ಎಳೆಕಾಯಿ ಉದುರಿ ಹೋಗುತ್ತದೆ. ಗೇಮ್ ಪಟ್ಟಿಯೂ ಹಾಗೆಯೇ. ನಿಂಟೆಂಡೊದ ಮೆಟ್ರಾಯ್ಡ್ ಪ್ರೈಮ್ 4 ಎಂಬ ಗೇಮ್‌ನ ಕಥೆ ನೋಡಿ. 2017ರ ಜೂನ್‌ನಲ್ಲಿ ಬರೀ ಲೋಗೋ ತೋರಿಸಿದರು. 2019ರ ಜನವರಿಯಲ್ಲಿ, ಗೇಮ್ ತಯಾರಿಸುವ ರೆಟ್ರೋ ಸ್ಟುಡಿಯೋಸ್ ಜೊತೆ ಮೊದಲಿಂದ ಶುರು ಮಾಡುತ್ತೇವೆ ಎಂದರು. ಕೈಗೆ ಸಿಕ್ಕಿದ್ದು 2025ರ ಡಿಸೆಂಬರ್‌ನಲ್ಲಿ! ಅದೊಂದನ್ನೇ ನಂಬಿ ಮೊದಲ ಸ್ವಿಚ್ ಕೊಂಡವರು ಎಂಟು ವರ್ಷ ಕಾಯಬೇಕಾಯಿತು.

ಆದರೂ ಮೊದಲ ಸ್ವಿಚ್‌ನ ಆ 2017ರ ಪಟ್ಟಿಯೇ ನನಗೆ ಮಾದರಿ. ಮಾರ್ಚ್ 3ರಂದು ಕನ್ಸೋಲ್ ಜೊತೆಗೇ ಜೆಲ್ಡಾ: ಬ್ರೆತ್ ಆಫ್ ದ ವೈಲ್ಡ್. ಏಪ್ರಿಲ್‌ನಲ್ಲಿ ಮಾರಿಯೋ ಕಾರ್ಟ್ 8 ಡಿಲಕ್ಸ್, ಜುಲೈಯಲ್ಲಿ ಸ್ಪ್ಲಾಟೂನ್ 2, ಅಕ್ಟೋಬರ್‌ನಲ್ಲಿ ಸೂಪರ್ ಮಾರಿಯೋ ಒಡಿಸ್ಸಿ. ಎಂಟು ತಿಂಗಳಲ್ಲಿ ನಾಲ್ಕು, ನಾಲ್ಕೂ ಒಳ್ಳೆಯವು. ಆ ಮಾರಿಯೋ ಕಾರ್ಟ್ 2014ರಲ್ಲೇ ನಿಂಟೆಂಡೊದ ಹಿಂದಿನ ಕನ್ಸೋಲ್ ವೀ ಯುಗೆ ಬಂದದ್ದು, ಲೆಕ್ಕಕ್ಕಿಲ್ಲ ಎನ್ನುತ್ತಾನೆ ಭಾವ. ವೀ ಯು ಮಾರಾಟವಾದದ್ದೇ ಸುಮಾರು 1.35 ಕೋಟಿ. ಸ್ವಿಚ್ 15 ಕೋಟಿ ದಾಟಿದೆ. ಜಾಸ್ತಿ ಜನರಿಗೆ ಅದು ಹೊಸ ಗೇಮೇ ಅಲ್ವಾ?

ಸ್ವಿಚ್ 2ರ ಶುರುವೂ ಚೆನ್ನಾಗಿತ್ತು. 2025ರ ಜೂನ್ 5ರಂದು ಮಾರಿಯೋ ಕಾರ್ಟ್ ವರ್ಲ್ಡ್, ಮರು ತಿಂಗಳೇ ಡಾಂಕಿ ಕಾಂಗ್ ಬನಾಂಜಾ. ಇನ್ನು ಬರುವವುಗಳಲ್ಲಿ ತಿಂಗಳು, ದಿನ ಹೇಳಿರುವುದನ್ನು ಮಾತ್ರ ಉಳಿಸಿಕೊಳ್ಳಿ. ಬೇರೆ ಕನ್ಸೋಲ್‌ಗೂ ಬರುವ ಗೇಮ್‌ಗಳನ್ನು ಪಕ್ಕಕ್ಕಿಡಿ. ಅವಕ್ಕಾಗಿ ಇದನ್ನೇ ಕೊಳ್ಳಬೇಕೆಂದಿಲ್ಲ.

ಇನ್ನೊಂದು ಮಾತು, ನಮ್ಮಂಥ ಊರಲ್ಲಿರುವವರಿಗೆ ಇದು ಮುಖ್ಯ. ಸ್ವಿಚ್ 2ರಲ್ಲಿ ಗೇಮ್-ಕೀ ಕಾರ್ಡ್ ಅಂತ ಬರುತ್ತದೆ. ಕಾರ್ಡ್ ಕೈಯಲ್ಲಿದ್ದರೂ ಒಳಗೆ ಗೇಮ್ ಇರುವುದಿಲ್ಲ, ಪೂರ್ತಿ ಡೌನ್‌ಲೋಡ್ ಮಾಡಬೇಕು. ಸೈಬರ್‌ಪಂಕ್ 2077 ಹಾಗಲ್ಲ, 64 ಜಿಬಿ ಕಾರ್ಡ್‌ನಲ್ಲೇ ಎಲ್ಲ ಇದೆ. ಇಲ್ಲಿ ಮಳೆಗಾಲದಲ್ಲಿ ಗುಡುಗು ಶುರುವಾದರೆ ಮೊದಲು ಮೋಡೆಮ್‌ನ ಪ್ಲಗ್ ಕೀಳುತ್ತೇವೆ. ಕರೆಂಟೂ ಹೋಗುತ್ತದೆ. ಅಂಥ ರಾತ್ರಿ ಅರವತ್ತು ಜಿಬಿ ಇಳಿಸುವುದು ಎಲ್ಲಿಂದ? ಪೂರ್ತಿ ಕಾರ್ಡ್ ಆದರೆ ಸುಮ್ನೆ ಹಾಕಿ ಆಡಬಹುದು, ಮುಗಿದ ಮೇಲೆ ಕುಂಬಳೆಯ ಗೆಳೆಯನಿಗೆ ಕೊಟ್ಟರೆ ಅವನೂ ಪೂರ್ತಿ ಗೇಮ್ ಡೌನ್‌ಲೋಡ್ ಮಾಡದೆ ಆಡಬಹುದು. ಪೆಟ್ಟಿಗೆಯ ಮೇಲೆ ಬರೆದಿರುತ್ತದೆ, ನೋಡಿಯೇ ಕೊಳ್ಳಿ.

ಹೀಗೆ ಸೋಸಿದ ಮೇಲೆ ನೀವೇ ಆಡುವಂಥ ಮೂರು ಗೇಮ್ ಉಳಿದರೆ ಕೊಳ್ಳಿ. ಒಂದೇ ಉಳಿದರೆ ಇನ್ನೊಂದು ಮಳೆಗಾಲ ಕಾಯಿರಿ.