ಮುಂಬೈ ಆಫೀಸೋ, ಬೆಂಗಳೂರು ಕೇಂದ್ರವೋ?

ಪ್ರಶ್ನೆ: ನಾನು ಬಳ್ಳಾರಿಯವಳು, ಎಂಬಿಎ ಕೊನೆಯ ವರ್ಷ. ಎರಡು ಆಫರ್ ಕೈಯಲ್ಲಿವೆ. ಕ್ಯಾಂಪಸ್‌ನಲ್ಲಿ ಸಿಕ್ಕಿದ್ದು ಉದ್ಯಮಗಳಿಗೆ ಸಲಹೆ ಕೊಡುವ ಒಂದು ಮ್ಯಾನೇಜ್‌ಮೆಂಟ್ ಕನ್ಸಲ್ಟಿಂಗ್ ಕಂಪನಿಯ ಮುಂಬೈ ಆಫೀಸು. ಹೊರಗಿನಿಂದ ಪ್ರಯತ್ನಿಸಿದ್ದು ಇನ್ನೊಂದು ಕಂಪನಿಯ ಬೆಂಗಳೂರು ಕೇಂದ್ರ. ಅಮೆರಿಕದ ತಂಡಗಳಿಗೆ ವಿಶ್ಲೇಷಣೆ ಮಾಡಿಕೊಡುವ ಕೆಲಸ. ಬೆಂಗಳೂರಿನ ಪ್ಯಾಕೇಜ್ ವರ್ಷಕ್ಕೆ ಒಂದೂವರೆ ಲಕ್ಷ ಜಾಸ್ತಿ. "ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಮನೆ, ಮುಂಬೈ ಯಾಕೆ ಬೇಕು" ಅಂತಾರೆ ಅಪ್ಪ. ಯಾವುದಕ್ಕೆ ಹೂಂ ಅನ್ನಲಿ?

ಉತ್ತರ: ಮುಂಬೈಗೆ. ಊರಿನ ಮೋಹಕ್ಕಲ್ಲ, ಅಲ್ಲಿ ಕೊಡುತ್ತಿರುವ ಕೆಲಸಕ್ಕಾಗಿ.

ಸಂಬಳದ ಪುಟ ಸ್ವಲ್ಪ ಪಕ್ಕಕ್ಕಿಡಿ. ಎರಡೂ ಪತ್ರಗಳಲ್ಲಿ ನಿಮ್ಮನ್ನು ನೇಮಿಸಿಕೊಳ್ಳುತ್ತಿರುವ ಕಂಪನಿಯ ಪೂರ್ತಿ ಹೆಸರು ಓದಿ. ಒಂದೇ ಬೋರ್ಡಿನಡಿ ಬೇರೆ ಬೇರೆ ಸಂಸ್ಥೆಗಳಿರುತ್ತವೆ. ಡೆಲಾಯ್ಟ್‌ನಲ್ಲಿ ಇಲ್ಲಿನ ಕ್ಲೈಂಟ್‌ಗಳ ಕೆಲಸ ನೋಡುವ ಸಂಸ್ಥೆ ಬೇರೆ, ಅಮೆರಿಕದ ಕೆಲಸ ನೋಡುವ ಯುಎಸ್‌ಐ ಬೇರೆ. ಇವೈನಲ್ಲೂ ಹಾಗೆ, ಹೊರದೇಶದ ತಂಡಗಳಿಗೆ ಕೆಲಸ ಮಾಡಿಕೊಡುವ ಜಿಡಿಎಸ್ ಬೇರೆ. ಬೇನ್‌ಗೆ ಗುರುಗ್ರಾಮದಲ್ಲಿ ಕನ್ಸಲ್ಟಿಂಗ್ ಆಫೀಸೂ ಇದೆ, ವಿಶ್ಲೇಷಣೆಗೆಂದೇ ಇಟ್ಟ ಕೇಪಬಿಲಿಟಿ ನೆಟ್‌ವರ್ಕ್ ಕೂಡ ಇದೆ. ಊರು ಒಂದೇ ಆದರೂ ಸಂಬಳದ ಮೆಟ್ಟಿಲು ಬೇರೆ, ಪ್ರಮೋಷನ್ ದಾರಿ ಬೇರೆ. ಎರಡೂ ಕಡೆ ಕ್ಲೈಂಟ್ ಎದುರು ಕೂರುವ ಕನ್ಸಲ್ಟೆಂಟ್ ಹುದ್ದೆಯೇ ಆದರೆ, ದೊಡ್ಡ ಕಂಪನಿಗಳು ಮುಂಬೈಗೊಂದು, ಬೆಂಗಳೂರಿಗೊಂದು ಅಂತ ಸಂಬಳ ಇಡುವುದು ಕಮ್ಮಿ. ಹಾಗಾಗಿ ನಿಮ್ಮ ಮುಂದಿರುವುದು ಎರಡು ಊರುಗಳ ಹೋಲಿಕೆಯೇ ಅಲ್ಲ.

ಒಂದೂವರೆ ಲಕ್ಷವನ್ನೂ ಬಿಡಿಸಿ ನೋಡೋಣ. ತಿಂಗಳಿಗೆ 12,500. ಶೇ 30ರ ಸ್ಲ್ಯಾಬಿನಲ್ಲಿದ್ದರೆ ಸೆಸ್ ಸೇರಿ ತೆರಿಗೆ ಹೋಗಿ ಕೈಗೆ ಉಳಿಯುವುದು ಸುಮಾರು 8,600. ಅದರಲ್ಲೂ ಕಂಪನಿಯ ಪಿಎಫ್ ಪಾಲು, ಗ್ರಾಚ್ಯುಟಿ, ವೇರಿಯಬಲ್ (ಸಾಧನೆ ನೋಡಿ ಕೊಡುವ ಭಾಗ) ಎಷ್ಟು ಸೇರಿದೆ ನೋಡಿ. ಜಾಯಿನಿಂಗ್ ಬೋನಸ್ ಸೇರಿಸಿ ಮೊತ್ತ ಉಬ್ಬಿಸಿದ್ದರೆ ಎರಡನೇ ವರ್ಷ ಅದು ಇರುವುದಿಲ್ಲ, ವರ್ಷದೊಳಗೆ ಬಿಟ್ಟರೆ ವಾಪಸ್ ಕಟ್ಟಬೇಕಾಗಬಹುದು. ಮುಂಬೈ ಬಾಡಿಗೆ ದುಬಾರಿ, ನಿಜ. ಬೆಂಗಳೂರಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳುವ ಮಾಲೀಕರಿಗೂ ಬರವಿಲ್ಲ. ವೃತ್ತಿ ತೆರಿಗೆ ಎಲ್ಲಿದ್ದರೂ ವರ್ಷಕ್ಕೆ 2,500 ದಾಟುವುದಿಲ್ಲ, ಅದನ್ನು ಮರೆತುಬಿಡಿ.

ನಿಜವಾದ ಪ್ರಶ್ನೆ, ಕ್ಲೈಂಟ್ ಕಡೆ ತೀರ್ಮಾನ ಮಾಡುವವರು ಎಲ್ಲಿ ಕೂರುತ್ತಾರೆ ಎಂಬುದು. ನಮ್ಮ ತೋರಣಗಲ್ಲನ್ನೇ ನೋಡಿ. ಜೆಎಸ್‌ಡಬ್ಲ್ಯು ಉಕ್ಕಿನ ಕಾರ್ಖಾನೆ ನಿಮ್ಮ ಮನೆಯಿಂದ ಹತ್ತಿರ. ಕೇಂದ್ರ ಕಚೇರಿ ಮುಂಬೈಯ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನಲ್ಲಿ. ಇಂಥ ಕಂಪನಿಗಳು ಕನ್ಸಲ್ಟೆಂಟರನ್ನು ಕರೆಯುವ ಮಾತುಕತೆ ನಡೆಯುವುದು ಕಾರ್ಖಾನೆ ಗೇಟಿನಲ್ಲಲ್ಲ, ಕೇಂದ್ರ ಕಚೇರಿಯಲ್ಲಿ. ಹಲವು ದೊಡ್ಡ ಬ್ಯಾಂಕುಗಳ ಕೇಂದ್ರ ಕಚೇರಿ, ಆರ್‌ಬಿಐ, ಸೆಬಿ, ಎರಡೂ ದೊಡ್ಡ ಷೇರುಪೇಟೆಗಳು ಮುಂಬೈಯಲ್ಲೇ. ಹೀಗಾಗಿ ಹಣಕಾಸು, ಉದ್ಯಮ ಸಮೂಹಗಳ ಕೆಲಸ ತರುವ ಪಾರ್ಟ್ನರ್‌ಗಳೂ (ಕನ್ಸಲ್ಟಿಂಗ್ ಕಂಪನಿಯ ಪಾಲುದಾರರಾದ ಹಿರಿಯರು) ಅಲ್ಲೇ ಹೆಚ್ಚು. ಸರ್ಕಾರ, ವಾಹನ ಉದ್ಯಮದ ಕೆಲಸಕ್ಕೆ ಗುರುಗ್ರಾಮ, ತಂತ್ರಜ್ಞಾನಕ್ಕೆ ಬೆಂಗಳೂರು. ಈ ವೃತ್ತಿಯಲ್ಲಿ ಎರಡು ಮೂರು ವರ್ಷಕ್ಕೊಮ್ಮೆ ಮೇಲೇರಬೇಕು, ಇಲ್ಲವೇ ಹೊರಗಿನ ದಾರಿ ಹಿಡಿಯಬೇಕು. ಪ್ರಮೋಷನ್ ತೀರ್ಮಾನಿಸುವ ಸಭೆಯಲ್ಲಿ ನಿಮ್ಮ ಪರ ಬಾಯಿಬಿಟ್ಟು ಮಾತಾಡಲು ಒಬ್ಬ ಪಾರ್ಟ್ನರ್ ಬೇಕು. ಜೊತೆಗೆ ಕೂತು ರಾತ್ರಿ ಸ್ಲೈಡ್ ತಿದ್ದಿದವರು ಮಾತಾಡುತ್ತಾರೆ. ವಾರಕ್ಕೊಮ್ಮೆ ವಿಡಿಯೊ ಕಾಲ್‌ನಲ್ಲಿ ಮುಖ ಕಂಡವರು ಅಷ್ಟಾಗಿ ಮಾತಾಡುವುದಿಲ್ಲ.

ಬೆಂಗಳೂರು ಕೇಂದ್ರದ ಕೆಲಸ ಕೀಳಲ್ಲ. ತಿರುಗಾಟ ಇಲ್ಲ, ಮನೆಯಲ್ಲಿ ಆರೈಕೆ ಬೇಕಾದ ಹಿರಿಯರಿದ್ದರೆ ನಾನೇ ಅದನ್ನು ಹಿಡಿಯಿರಿ ಎನ್ನುತ್ತಿದ್ದೆ. ಆದರೆ ಅಲ್ಲಿಂದ ಕ್ಲೈಂಟ್ ಕಡೆಗೆ ದಾಟಲು ಜನ ಸಾಮಾನ್ಯವಾಗಿ ಹಿಡಿಯುವ ದಾರಿ ಎಂಬಿಎ. ನೀವು ಅದನ್ನು ಆಗಲೇ ಖರ್ಚು ಮಾಡಿದ್ದೀರಿ.

ಬೆಂಗಳೂರಿಗೆ ಬರಲೇಬೇಕೆಂದಿದ್ದರೆ ಮೊದಲ ಪ್ರಮೋಷನ್ ಆದ ಮೇಲೆ ಟ್ರಾನ್ಸ್‌ಫರ್ ಕೇಳಿ. ಆಗ ನಿಮ್ಮ ಮಾತಿಗೆ ತೂಕ ಜಾಸ್ತಿ. ಸೇರುವ ಮೊದಲೇ ಎಚ್‌ಆರ್‌ಗೆ "ಕಳೆದ ವರ್ಷ ಎಷ್ಟು ಜನರಿಗೆ ಕೊಟ್ಟಿರಿ" ಎಂದು ಕೇಳಿಡಿ. ಅಪ್ಪನಿಗೆ ಒಂದು ಮಾತು: ಹಬ್ಬದ ವಾರ ಹಂಪಿ ಎಕ್ಸ್‌ಪ್ರೆಸ್‌ಗೆ ಬೆಂಗಳೂರಿನವರಿಗೂ ಟಿಕೆಟ್ ಸಿಗುವುದಿಲ್ಲ.

ಪ್ರಶ್ನೆ: ರಾಯಚೂರಿನವನು, ಮೂರು ವರ್ಷದಿಂದ ಹೈದರಾಬಾದ್ ಆಫೀಸಿನಲ್ಲಿ ಕನ್ಸಲ್ಟೆಂಟ್. ಕಂಪನಿ ದುಬೈಗೆ ಕಳಿಸಲು ಸಿದ್ಧವಿದೆ. ಕಾದರೆ ಅಮೆರಿಕ ಸಿಗಬಹುದು ಅಂತಾರೆ ಗೆಳೆಯರು.

ಉತ್ತರ: ಹಣವೇ ಮುಖ್ಯವಾದರೆ ಕಾಯಬೇಡಿ. ದುಬೈಯಲ್ಲಿ ಸಂಬಳದ ಮೇಲೆ ಆದಾಯ ತೆರಿಗೆ ಇಲ್ಲ. ಬಾಡಿಗೆ, ಮಕ್ಕಳ ಶಾಲೆ ಫೀಸು ಮಾತ್ರ ಜೇಬು ಹಿಂಡುತ್ತವೆ. ಅವು ಪ್ಯಾಕೇಜ್ ಒಳಗೋ ಹೊರಗೋ ಕೇಳಿ. ಕೆಲಸ ದುಬೈಯಲ್ಲೇ ಇರುತ್ತದೆ ಎಂದುಕೊಳ್ಳಬೇಡಿ. ಪ್ರಾದೇಶಿಕ ಕೇಂದ್ರ ಕಚೇರಿ ತನ್ನ ನೆಲದಲ್ಲಿಲ್ಲದ ವಿದೇಶಿ ಕಂಪನಿಗಳಿಗೆ ಸರ್ಕಾರಿ ಗುತ್ತಿಗೆ ಸಿಗದಂತೆ ಸೌದಿ 2024ರ ಜನವರಿಯಿಂದ ಬಿಗಿ ಮಾಡಿದೆ. ವಾರವಾರ ರಿಯಾದ್‌ಗೆ ಹಾರುವುದಕ್ಕೂ, ಅಲ್ಲೇ ನೆಲೆಸುವುದಕ್ಕೂ ತಯಾರಿರಿ.

ಹೊರಡುವ ತಿಂಗಳೂ ಲೆಕ್ಕಕ್ಕೆ ಬರುತ್ತದೆ. ನೌಕರಿಗೆಂದು ದೇಶ ಬಿಡುವವರು ಆ ಹಣಕಾಸು ವರ್ಷದಲ್ಲಿ 182 ದಿನಕ್ಕಿಂತ ಕಡಿಮೆ ಇಲ್ಲಿದ್ದರೆ ತೆರಿಗೆ ಲೆಕ್ಕದಲ್ಲಿ ಅನಿವಾಸಿ. ಸೆಪ್ಟೆಂಬರ್ ಮೂರನೇ ವಾರದೊಳಗೆ ವಿಮಾನ ಹತ್ತಿ, ಮಾರ್ಚ್‌ವರೆಗೆ ಹಬ್ಬ-ಮದುವೆಗೆ ಬರುವ ದಿನಗಳನ್ನೂ ಎಣಿಸಿಕೊಳ್ಳಿ. ಸಿಎ ಹತ್ತಿರ ಒಮ್ಮೆ ಕೂತು ಹೋಗಿ.

ಅಮೆರಿಕದಲ್ಲಿ ದೊಡ್ಡ ಕಂಪನಿಗಳ ಸಂಬಳ ನ್ಯೂಯಾರ್ಕ್‌ಗೂ ಹ್ಯೂಸ್ಟನ್‌ಗೂ ಬಹುತೇಕ ಒಂದೇ. ನ್ಯೂಯಾರ್ಕ್‌ನಲ್ಲಿ ರಾಜ್ಯದ ತೆರಿಗೆ, ನಗರದ ತೆರಿಗೆ ಎರಡೂ ಇವೆ. ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆಯೇ ಇಲ್ಲ. ಎಂದಾದರೂ ಆಯ್ಕೆ ಸಿಕ್ಕರೆ ಹ್ಯೂಸ್ಟನ್ ಹಿಡಿಯಿರಿ. ಅದೇ ಕಂಪನಿಯಲ್ಲಿ ಅಮೆರಿಕದ ಹೊರಗೆ ಒಂದು ವರ್ಷ ದುಡಿದಿದ್ದರೆ ಕಂಪನಿಯೊಳಗೇ ಅಮೆರಿಕಕ್ಕೆ ವರ್ಗವಾಗುವವರ ಎಲ್-1 ವೀಸಾಕ್ಕೆ ಬೇಕಾದ ಅನುಭವ ಆಗುತ್ತದೆ; ದುಬೈಯ ದಿನಗಳೂ ಅದರಲ್ಲಿ ಸೇರುತ್ತವೆ.

ಪ್ರಶ್ನೆ: ಬೆಂಗಳೂರಿನ ಕನ್ಸಲ್ಟಿಂಗ್ ಕಂಪನಿಗಳಲ್ಲಿ ಮಗನಿಗೆ ಕಲ್ಯಾಣ ಕರ್ನಾಟಕದವರ 371(ಜೆ) ಮೀಸಲಾತಿ ಸಿಗುತ್ತದೆಯೇ? ಈಗ ಪಿಯುಸಿ ಓದುತ್ತಿದ್ದಾನೆ. — ಕೊಪ್ಪಳದ ತಂದೆ

ಉತ್ತರ: ಇಲ್ಲ. ಅದು ರಾಜ್ಯ ಸರ್ಕಾರಿ ನೌಕರಿ ಮತ್ತು ಕಾಲೇಜು ಸೀಟುಗಳಿಗೆ. ನಿಮಗೆ ಅದರ ಉಪಯೋಗ ಸಿಇಟಿಯಲ್ಲಿ: ನಮ್ಮ ಭಾಗದ ಹೊರಗಿನ ಕಾಲೇಜುಗಳಲ್ಲೂ ಕಲ್ಯಾಣ ಕರ್ನಾಟಕದವರಿಗೆ ಶೇ 8 ಸೀಟು ಮೀಸಲಿದೆ. ಕನ್ಸಲ್ಟಿಂಗ್ ಕಂಪನಿಗಳು ಕ್ಯಾಂಪಸ್‌ಗೆ ಬರುವುದು ಬೆರಳೆಣಿಕೆಯ ಕಾಲೇಜುಗಳಿಗೆ, ಸೀಟು ಅಲ್ಲಿಗೇ ನೋಡಿ. ಪ್ರಮಾಣಪತ್ರವನ್ನು ತಹಶೀಲ್ದಾರ್ ಕಚೇರಿ ಮೂಲಕ ಈಗಲೇ ಮಾಡಿಸಿಡಿ, ಕೌನ್ಸೆಲಿಂಗ್ ಹೊತ್ತಿಗೆ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ.